ಒಂಟಿ ಲೋಟದ ಲೆಕ್ಕ

ಐದು ಗ್ರಾಂ ಕಾಫಿಪುಡಿ ಅಂದರೆ ದೊಡ್ಡ ಚಮಚದಲ್ಲಿ ಒಂದು ಚಮಚ. ಅಷ್ಟನ್ನು ಹೆಬ್ಬೆರಳು ಗಾತ್ರದ ಅಲ್ಯೂಮಿನಿಯಂ ಬಟ್ಟಲಿಗೆ ತುಂಬಿ, ಮೇಲೆ ತೆಳುಹಾಳೆ ಮುಚ್ಚಿ, ಗಾಳಿಯಾಡದಂತೆ ಬೆಸೆದು, ಹತ್ತು ಹತ್ತರ ಡಬ್ಬಿ ಮಾಡಿ ಮಾರುತ್ತಾರೆ. ಪಾಡ್ ಅಂತಲೂ ಕ್ಯಾಪ್ಸೂಲ್ ಅಂತಲೂ ಇದಕ್ಕೆ ಹೆಸರು. ಯಂತ್ರದ ಬಾಯಿಗಿಟ್ಟು ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ಒಂದು ಪುಟ್ಟ ಕಪ್ಪು ಕಾಫಿ ಇಳಿಯುತ್ತದೆ. ದೇವನಹಳ್ಳಿ ಆಸುಪಾಸಿನ ಅಪಾರ್ಟ್‌ಮೆಂಟ್‌ಗಳ ಗೇಟಿನಲ್ಲಿ ಬಂದು ಬೀಳುವ ಆನ್‌ಲೈನ್ ಪಾರ್ಸಲ್‌ಗಳಲ್ಲಿ ಈಗ ಈ ಡಬ್ಬಿಗಳೂ ಸೇರಿವೆ.

ಅಲ್ಲಿಂದ ಹತ್ತು–ಹದಿನೈದು ಕಿಲೋಮೀಟರ್ ಪೂರ್ವಕ್ಕೆ ಬಂದರೆ ಚನ್ನರಾಯಪಟ್ಟಣ. ಹಾಸನ ಜಿಲ್ಲೆಯದಲ್ಲ, ಇದು ದೇವನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿಯ ಚಿಲ್ಲರೆ ಅಂಗಡಿಯ ಬಾಗಿಲಲ್ಲಿ ಶಾಂಪೂ, ಗುಟ್ಕಾ, ಕೊಬ್ಬರಿ ಎಣ್ಣೆಗಳ ಪಕ್ಕದಲ್ಲೇ ಕಾಫಿಪುಡಿಯ ಸ್ಯಾಷೆ ಸರ ನೇತಾಡುತ್ತದೆ. ಕೇಳಿದರೆ ಅಂಗಡಿಯಾಕೆ ತಿರುಗಿ ಕೇಳುತ್ತಾಳೆ: “ಎರಡ್ರೂಪಾಯಿದಾಣ್ಣ, ಹತ್ರೂಪಾಯಿದಾ?” ಹಲ್ಲಿನಲ್ಲಿ ಕಚ್ಚಿ ಹರಿದು ಕುದಿಯುವ ಹಾಲಿಗೆ ಸುರಿದರೆ ಮುಗಿಯಿತು. ಒಬ್ಬರಿಗೆ ಒಂದು ಪೊಟ್ಟಣ. ಒಂದು ಸಲಕ್ಕೆ, ಒಂದು ಲೋಟಕ್ಕೆ ಅಳೆದು ಕಟ್ಟಿದ ಕಾಫಿ ಎಂಬ ಲೆಕ್ಕದಲ್ಲಿ ಎರಡೂ ಒಂದೇ ಜಾತಿಯ ಸರಕು. ಬೆಲೆಯಲ್ಲಿ ಮಾತ್ರ ಇಪ್ಪತ್ತೈದು ಪಟ್ಟು ಅಂತರ. ಅಷ್ಟು ಹೆಚ್ಚು ಕೊಟ್ಟು ನಾವು ಕೊಳ್ಳುವುದು ಏನನ್ನು ಎಂದು ನೋಡಿಬಿಡೋಣ ಅನ್ನಿಸಿತು.

ಪಾಡ್ ಹುಟ್ಟಿದ್ದು ಸೋಮಾರಿಗಳಿಗಾಗಿ ಅಲ್ಲ. ಸ್ವಿಟ್ಜರ್ಲೆಂಡಿನ ನೆಸ್ಲೆಯಲ್ಲಿ ಎಂಜಿನಿಯರ್ ಆಗಿದ್ದ ಎರಿಕ್ ಫಾವ್ರ್ 1975ರ ಸುಮಾರಿಗೆ ರೋಮ್ ನಗರದ ಸಾಂತ್ ಯುಸ್ತಾಕಿಯೊ ಎಂಬ ಕಾಫಿ ಅಂಗಡಿಯ ಮುಂದೆ ನಿಂತು, ಇಲ್ಲಿಗೇ ಯಾಕೆ ಜನ ಮುಗಿಬೀಳುತ್ತಾರೆ ಎಂದು ತಲೆ ಕೆಡಿಸಿಕೊಂಡರು. ಅಲ್ಲಿಯ ಕೆಲಸಗಾರ ಯಂತ್ರದ ಹಿಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಹಾಗೆ ಒತ್ತಿದಾಗ ಪುಡಿಯೊಳಗೆ ಗಾಳಿ ಹೆಚ್ಚು ಸೇರಿ ನೊರೆ ದಪ್ಪಗಾಗುತ್ತಿತ್ತು. ಅದೇ ಕೈಚಳಕವನ್ನು ಒಂದು ಮುಚ್ಚಿದ ಬಟ್ಟಲಿನೊಳಗೆ ಮಾಡಿಸಬೇಕು ಎಂದು ಹೊರಟ ಫಾವ್ರ್ ಅವರ ಯಂತ್ರಕ್ಕೆ 1976ರಲ್ಲಿ ಪೇಟೆಂಟ್ ಆಯಿತು. ಮಾರುಕಟ್ಟೆಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. 1986ರಲ್ಲಿ ನೆಸ್ಪ್ರೆಸೊ ಎಂಬ ಹೆಸರಲ್ಲಿ ಮೊದಲು ಹೋದದ್ದು ಕಚೇರಿಗಳಿಗೆ. ಮನೆಗಳಿಗೆ ಹೊಕ್ಕಿದ್ದು ಆಮೇಲೆ.

ಬಟ್ಟಲಿನೊಳಗೆ ನಡೆಯುವುದು ಸರಳ. ಯಂತ್ರದ ಸೂಜಿಗಳು ಒಂದು ಬದಿಯನ್ನು ಚುಚ್ಚುತ್ತವೆ, ಬಿಸಿನೀರು ಒತ್ತಡದಲ್ಲಿ ಒಳನುಗ್ಗುತ್ತದೆ, ಒಳಗಿನ ಒತ್ತಡ ಏರಿದಂತೆ ಇನ್ನೊಂದು ಬದಿಯ ಹಾಳೆ ಹರಿದು ಕಾಫಿ ಹೊರಬರುತ್ತದೆ. ಎಸ್ಪ್ರೆಸೊ ಕಾಫಿಗೆ ಬೇಕಾದ ಒತ್ತಡ ಸುಮಾರು ಒಂಬತ್ತು ಬಾರ್ ಅನ್ನುತ್ತಾರೆ. ನಮ್ಮ ಕಡೆಯ ರೈತನಿಗೆ ತಿಳಿಯುವ ಮಾತಲ್ಲಿ ಹೇಳುವುದಾದರೆ, ಮುನ್ನೂರು ಅಡಿ ಆಳಕ್ಕೆ ನೀರು ತುಂಬಿ ನಿಂತ ಬೋರ್‌ವೆಲ್‌ನ ತಳದಲ್ಲಿ ಎಷ್ಟು ಒತ್ತಡವಿರುತ್ತದೋ ಅಷ್ಟು. ನಮ್ಮ ಫಿಲ್ಟರಿನಲ್ಲಿ ಕೆಲಸ ಮಾಡುವುದು ಎರಡಂಗುಲ ನೀರಿನ ಭಾರ ಮತ್ತು ಸಮಯ. ಒತ್ತಡ ಅರ್ಧ ನಿಮಿಷದಲ್ಲಿ ಮಾಡುವುದನ್ನು ಸಮಯ ಇಪ್ಪತ್ತು ನಿಮಿಷದಲ್ಲಿ ಮಾಡುತ್ತದೆ.

ಅಮೆರಿಕದಲ್ಲಿ ಇದೇ ಆಸೆಯಿಂದ ಹುಟ್ಟಿದ್ದು ಕ್ಯೂರಿಗ್ ಕಂಪನಿ. 1990ರ ದಶಕದ ಆರಂಭದಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ಸಿಲ್ವನ್ 1997ರಲ್ಲಿ ತಮ್ಮ ಪಾಲನ್ನು 50 ಸಾವಿರ ಡಾಲರಿಗೆ ಕೊಟ್ಟು ಹೊರನಡೆದರು. ಮುಂದೆ ಆ ಕಂಪನಿ ಕೋಟಿಗಟ್ಟಲೆ ದುಡಿಯಿತು. 2015ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯವರು ಮಾತಾಡಿಸಿದಾಗ, ಇದನ್ನು ಮಾಡಿದ್ದಕ್ಕೆ ಕೆಲವೊಮ್ಮೆ ಬೇಸರವಾಗುತ್ತದೆ ಎಂದರು. ತಮ್ಮ ಮನೆಯಲ್ಲಿ ಆ ಯಂತ್ರ ಇಲ್ಲ, ದುಬಾರಿ ಎಂದೂ ಸೇರಿಸಿದರು. ಮಾಡಿದವನೇ ದುಬಾರಿ ಅಂದ ಮೇಲೆ ದೇವನಹಳ್ಳಿಯವರು ಅಂದರೆ ತಪ್ಪೇನು?

ಭಾರತಕ್ಕೆ ಇದು ಹೊಸದೇನಲ್ಲ. ಒಂದು ದಶಕಕ್ಕೂ ಹಿಂದೆಯೇ ಚಿಕ್ಕಮಗಳೂರಿನ ಕಾಫಿ ಡೇ ‘ವೇಕ್‌ಕಪ್’ ಎಂಬ ಹೆಸರಿನ ಮನೆ ಯಂತ್ರ ತಂದು, ಅದಕ್ಕೆ ಬೇಕಾದ ಕ್ಯಾಪ್ಸೂಲ್ ಮಾರಿತ್ತು. ಆಗ ಅದು ಬೇರೂರಲಿಲ್ಲ. ಈಗ ದೇಶದ ಹಲವು ಹೊಸ ಕಾಫಿ ಕಂಪನಿಗಳು ನೆಸ್ಪ್ರೆಸೊ ಯಂತ್ರಕ್ಕೆ ಕೂರುವ ಕ್ಯಾಪ್ಸೂಲ್ ಮಾರುತ್ತಿವೆ. ನೆಸ್ಪ್ರೆಸೊದ ಮೊದಲ ಪೇಟೆಂಟುಗಳ ಅವಧಿ 2012ರ ಹೊತ್ತಿಗೆ ಮುಗಿದದ್ದರಿಂದ ಬೇರೆಯವರಿಗೂ ಆ ಅಚ್ಚಿನ ಬಟ್ಟಲು ಮಾಡುವ ದಾರಿ ತೆರೆಯಿತು. ಸ್ವತಃ ನೆಸ್ಪ್ರೆಸೊ ಅಧಿಕೃತವಾಗಿ ಭಾರತಕ್ಕೆ ಕಾಲಿಟ್ಟದ್ದು 2024ರ ಕೊನೆಗೆ. ಮೊದಲ ಮಳಿಗೆ ತೆರೆದದ್ದು 2025ರಲ್ಲಿ, ದೆಹಲಿಯಲ್ಲಿ. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕ, ಬಾಬಾಬುಡನ್ ಗಿರಿಗೆ ಬೀಜ ಬಂದು ಮುನ್ನೂರು ವರ್ಷ ದಾಟಿತು, ಅಂಗಡಿ ಮಾತ್ರ ಮೊದಲು ದೆಹಲಿಗೆ. ಇರಲಿ, ಕೊಳ್ಳುವ ಕೈ ಎಲ್ಲಿದೆಯೋ ಅಂಗಡಿ ಅಲ್ಲಿ.

ದುಡ್ಡಿನ ವಿಷಯಕ್ಕೆ ಬರೋಣ. ಕ್ಯಾಪ್ಸೂಲ್ ಬೆಲೆ ಕಂಪನಿಯಿಂದ ಕಂಪನಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಒಂದಕ್ಕೆ 50 ರೂಪಾಯಿ ಎಂದಿಟ್ಟುಕೊಳ್ಳಿ. ಒಳಗಿರುವುದು ಐದು ಗ್ರಾಂ. ಗ್ರಾಮಿಗೆ ಹತ್ತು ರೂಪಾಯಿ. ಕಿಲೋ ಲೆಕ್ಕಕ್ಕೆ ಹತ್ತು ಸಾವಿರ. ಕಾಫಿಪುಡಿ ಅಂಗಡಿಯಲ್ಲಿ ಕಣ್ಣೆದುರೇ ಬೀಸಿಕೊಡುವ ಪುಡಿಯನ್ನು ಕಿಲೋಗೆ ಸಾವಿರ ರೂಪಾಯಿ ಎಂದು ಹಿಡಿದರೂ (ಚಿಕೋರಿ ಬೆರೆತರೆ ಇನ್ನೂ ಇಳಿಯುತ್ತದೆ) ಕ್ಯಾಪ್ಸೂಲಿನ ಕಾಫಿ ಹತ್ತು ಪಟ್ಟು ದುಬಾರಿ.

ಲೋಟದ ಲೆಕ್ಕದಲ್ಲಿ ಅಂತರ ಸ್ವಲ್ಪ ತಗ್ಗುತ್ತದೆ, ಏಕೆಂದರೆ ಫಿಲ್ಟರಿಗೆ ನಾವು ಪುಡಿಯನ್ನು ಧಾರಾಳವಾಗಿ ಹಾಕುತ್ತೇವೆ. ಒಂದು ಒಳ್ಳೆಯ ಲೋಟಕ್ಕೆ ಹತ್ತು ಗ್ರಾಂ ಅಂದರೆ ಹತ್ತು ರೂಪಾಯಿ. 2025ರ ಏಪ್ರಿಲ್ 1ರಂದು ಲೀಟರಿಗೆ 4 ರೂಪಾಯಿ ಏರಿದ ಮೇಲೆ ನಂದಿನಿಯ ಟೋನ್ಡ್ ಹಾಲು 46 ರೂಪಾಯಿ ಆಯಿತು. ನೂರು ಮಿಲಿಲೀಟರ್ ಹಾಲಿಗೆ ನಾಲ್ಕೂವರೆ ರೂಪಾಯಿ ಚಿಲ್ಲರೆ. ಸಕ್ಕರೆ, ಗ್ಯಾಸು ಸೇರಿ ಹದಿನಾರಕ್ಕೆ ನಿಲ್ಲುತ್ತದೆ. ಸ್ಯಾಷೆ ಕಾಫಿ ಏಳೆಂಟು ರೂಪಾಯಿಗೆ ಆಗುತ್ತದೆ. ಪಾಡ್ ಕಾಫಿಗೆ ಹಾಲೂ ಸೇರಿ 55. ಜೊತೆಗೆ ಯಂತ್ರದ ಪಾಲು. ಹದಿನೈದು ಸಾವಿರದ ಯಂತ್ರ ಐದು ವರ್ಷ ಬಾಳಿತು, ದಿನಕ್ಕೆ ಎರಡು ಸಲ ಓಡಿತು ಅಂದರೆ ಒಂದು ಕಪ್ಪಿಗೆ ಇನ್ನೊಂದು ನಾಲ್ಕು ರೂಪಾಯಿ. ಅರವತ್ತಕ್ಕೆ ಬಂದು ನಿಂತೆವು.

ಇದು ಒಂದು ಕಪ್ಪಿನ ಮಾತು. ನಾಲ್ಕು ಜನರ ಮನೆ, ಬೆಳಗ್ಗೆ ಒಂದು ಸಂಜೆ ಒಂದು ಅಂದರೆ ದಿನಕ್ಕೆ ಎಂಟು ಕ್ಯಾಪ್ಸೂಲ್. ನಾನೂರು ರೂಪಾಯಿ. ತಿಂಗಳಿಗೆ ಹನ್ನೆರಡು ಸಾವಿರ. ಫಿಲ್ಟರ್ ಮನೆಯಲ್ಲಿ ಇದೇ ಎಂಟು ಲೋಟದ ಪುಡಿಗೆ ತಿಂಗಳಿಗೆ 2,400. ಚನ್ನರಾಯಪಟ್ಟಣದಲ್ಲಿ ಒಂದು ಸೀಮೆಹಸು ಕಟ್ಟಿರುವ ಮನೆಯವರು ಎರಡು ಹೊತ್ತು ಸೇರಿ ಡೇರಿಗೆ ಹತ್ತು ಲೀಟರ್ ಹಾಲು ಹಾಕಿದರೆ, ಸರ್ಕಾರ ಲೀಟರಿಗೆ ಕೊಡುವ ಐದು ರೂಪಾಯಿ ಪ್ರೋತ್ಸಾಹಧನವೂ ಸೇರಿ ಅವರ ಕೈಗೆ ಬರುವುದು ಹೆಚ್ಚುಕಡಿಮೆ ನಾನೂರು ರೂಪಾಯಿ. ಅದರಲ್ಲೇ ಹಿಂಡಿ, ಬೂಸಾ, ಮೇವು.

ಪಾಡ್ ಕೊಳ್ಳುವವರು ಆ ಐವತ್ತು ರೂಪಾಯಿಯಲ್ಲಿ ಕಾಫಿ ಬೆಳೆಗಾರನಿಗೆ ಎಷ್ಟು ಹೋಗುತ್ತದೆ ಎಂದು ಕೇಳುವುದಿದೆ. ಒಳ್ಳೆಯ ಪ್ರಶ್ನೆ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟಿನ 50 ಕಿಲೋ ಮೂಟೆ 25 ಸಾವಿರ ರೂಪಾಯಿ ದಾಟಿತ್ತು. ಮಲೆನಾಡು, ಕೊಡಗಿನವರು ಹಿಂದೆಂದೂ ಕಾಣದ ದರ. ಆ ದರದಲ್ಲೇ ಲೆಕ್ಕ ಹಾಕಿ: ಕಿಲೋ ಪಾರ್ಚ್‌ಮೆಂಟ್ 500. ಸಿಪ್ಪೆ ತೆಗೆದರೆ ನೂರಕ್ಕೆ ಎಂಬತ್ತು ಉಳಿಯುತ್ತದೆ, ಹಾಗಾಗಿ ಹಸಿಬೀಜ ಕಿಲೋಗೆ 625. ಹುರಿದಾಗ ತೂಕದಲ್ಲಿ ಆರನೇ ಒಂದು ಪಾಲು ಆವಿಯಾಗಿ ಹೋಗುತ್ತದೆ. ಹುರಿದ ಕಾಫಿ ಕಿಲೋಗೆ 750. ಐದು ಗ್ರಾಮಿಗೆ ನಾಲ್ಕು ರೂಪಾಯಿಯೂ ಬರಲಿಲ್ಲ. ಬೆಳೆಗಾರನ ಸುವರ್ಣ ವರ್ಷದಲ್ಲೇ ಕ್ಯಾಪ್ಸೂಲಿನ ಐವತ್ತರಲ್ಲಿ ನಲವತ್ತಾರು ರೂಪಾಯಿ ಹುರಿಯುವುದು, ಬಟ್ಟಲು, ಡಬ್ಬಿ, ಸಾಗಣೆ, ತೆರಿಗೆ, ಜಾಹೀರಾತು, ಲಾಭ. ಇದರಲ್ಲಿ ಮೋಸವೇನಿಲ್ಲ, ದರ ಬರೆದೇ ಮಾರುತ್ತಾರೆ. ಆದರೆ ‘ತೋಟದಿಂದ ನೇರವಾಗಿ ನಿಮ್ಮ ಕಪ್ಪಿಗೆ’ ಎಂಬ ಸಾಲನ್ನು ಡಬ್ಬಿಯ ಮೇಲೆ ಓದುವಾಗ ಈ ನಾಲ್ಕು ರೂಪಾಯಿ ನೆನಪಿರಲಿ.

ಇಷ್ಟಾದರೂ ಜನ ಕೊಳ್ಳುತ್ತಾರೆ, ಯಾಕೆಂದರೆ ಸಲೀಸು. ಪುಡಿ ಅಳೆಯಬೇಕಿಲ್ಲ, ಕಾಯಬೇಕಿಲ್ಲ, ಫಿಲ್ಟರಿನ ತೂತು ಕಟ್ಟಿಕೊಂಡಿತೆಂದು ಬೈಯುತ್ತ ಸೂಜಿಯಿಂದ ಚುಚ್ಚಬೇಕಿಲ್ಲ. ಮತ್ತೊಂದು ಗುಣವನ್ನೂ ಒಪ್ಪಬೇಕು. ಬೀಸಿದ ಪುಡಿ ಗಾಳಿ ತಾಗಿದಂತೆ ದಿನದಿನಕ್ಕೆ ಘಮ ಕಳೆದುಕೊಳ್ಳುತ್ತದೆ. ಬೆಸೆದ ಬಟ್ಟಲಿನೊಳಗೆ ತಿಂಗಳುಗಟ್ಟಲೆ ಕೆಡುವುದಿಲ್ಲ. ವಾರಕ್ಕೊಮ್ಮೆ ಮಾತ್ರ ಕಾಫಿ ಕುಡಿಯುವವನ ಮನೆಯ ಕಾಲು ಕಿಲೋ ಪುಡಿಗಿಂತ ಅವನ ಕ್ಯಾಪ್ಸೂಲಿನ ಕಾಫಿ ಖಂಡಿತ ಚೆನ್ನಾಗಿರುತ್ತದೆ.

ನನ್ನ ತಕರಾರು ಬೇರೆ ಕಡೆ ಇದೆ. ಈ ಯಂತ್ರ ಹುಟ್ಟಿದ್ದು ಕಪ್ಪು ಕಾಫಿ ಕುಡಿಯುವ ಊರಿನಲ್ಲಿ. ಅಲ್ಲಿ ಕಾಫಿ ಮಾಡುವ ಶ್ರಮವೆಲ್ಲ ಡಿಕಾಕ್ಷನ್ ಇಳಿಸುವುದರಲ್ಲೇ ಇದೆ. ಅದನ್ನು ಯಂತ್ರ ಮಾಡಿತು ಅಂದರೆ ಕೆಲಸ ಮುಗಿಯಿತು. ನಮ್ಮ ಮನೆಗಳಲ್ಲಿ ಡಿಕಾಕ್ಷನ್ ಇಳಿಯುವಾಗ ಯಾರೂ ಅದರ ಮುಂದೆ ನಿಂತಿರುವುದಿಲ್ಲ. ರಾತ್ರಿ ಮಲಗುವ ಮುಂಚೆ ಪುಡಿ ಹಾಕಿ ನೀರು ಹುಯ್ದಿಟ್ಟರೆ ಬೆಳಗ್ಗೆಗೆ ಕೆಳಗಿನ ಪಾತ್ರೆ ತುಂಬಿರುತ್ತದೆ. ಒಲೆಯ ಮುಂದೆ ಕಾಲು ನೋಯಿಸಿಕೊಂಡು ನಿಲ್ಲುವುದು ಹಾಲಿಗೆ. ಪ್ಯಾಕೆಟ್ ಕತ್ತರಿಸು, ಪಾತ್ರೆಗೆ ಸುರಿ, ಉಕ್ಕದಂತೆ ಕಣ್ಣಿಟ್ಟಿರು, ಉಕ್ಕಿದರೆ ಒಲೆ ಒರೆಸು, ಕೆನೆ ತೆಗಿ, ತಳ ಹಿಡಿದ ಪಾತ್ರೆ ಉಜ್ಜು. ಪಾಡ್ ಯಂತ್ರ ತಂದರೂ ಇದರಲ್ಲಿ ಒಂದೂ ತಪ್ಪುವುದಿಲ್ಲ. ಹಾಲು ನೊರೆ ಮಾಡುವ ಇನ್ನೊಂದು ಸಲಕರಣೆ ಕೊಂಡರೆ ಅದನ್ನೂ ತೊಳೆಯಬೇಕು. ಹಾಲಿನಪುಡಿ ತುಂಬಿದ ಕ್ಯಾಪ್ಸೂಲೂ ಉಂಟು. ನೆಸ್ಲೆಯದೇ ಇನ್ನೊಂದು ಬಗೆಯ ಯಂತ್ರವಾದ ಡೋಲ್ಚೆ ಗಸ್ಟೊದಲ್ಲಿ ಒಂದು ಕಪ್ ಕ್ಯಾಪುಚಿನೊಗೆ ಕಾಫಿಯದೊಂದು ಹಾಲಿನದೊಂದು ಎಂದು ಎರಡು ಹಾಕಬೇಕು. ಡೇರಿಯಲ್ಲಿ ಹಾಲು ಹಾಕಿ ಬಂದು ಹಾಲಿನಪುಡಿ ಕ್ಯಾಪ್ಸೂಲ್ ಒತ್ತುವ ಮನೆ ಚನ್ನರಾಯಪಟ್ಟಣ ಹೋಬಳಿಯಲ್ಲಿ ಹುಟ್ಟುವ ದಿನ ಇನ್ನೂ ದೂರ ಇರಬೇಕು.

ಅದಕ್ಕಿಂತ ಮುಖ್ಯ, ಹಾಲಿಗೆ ಐದು ಗ್ರಾಂ ಸಾಲದು. ಕ್ಯಾಪ್ಸೂಲಿನಿಂದ ಬರುವ ನಲವತ್ತು ಮಿಲಿಲೀಟರ್ ಕಾಫಿಯನ್ನು ನೂರು ಮಿಲಿಲೀಟರ್ ಹಾಲಿಗೆ ಬೆರೆಸಿ ನೋಡಿ, ನಮ್ಮ ಅಜ್ಜಿಯರು ಮುಖ ತಿರುಗಿಸುವಂಥ ಬಿಳಿ ಕಾಫಿ. ಚಿಕೋರಿಯ ಕಪ್ಪು, ಅದರ ಗಟ್ಟಿತನ ನಾಲಿಗೆಗೆ ಹತ್ತಿದವರಿಗೆ ಇನ್ನೂ ಸಪ್ಪೆ. ನೂರಕ್ಕೆ ನಲವತ್ತೊಂಬತ್ತರವರೆಗೂ ಚಿಕೋರಿ ಬೆರೆಸಿ ಮಾರಲು ನಮ್ಮಲ್ಲಿ ಕಾನೂನಿನ ಅನುಮತಿ ಇದೆ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕಷ್ಟೆ. ಹೀಗಾಗಿ ಪಾಡ್ ಕೊಂಡ ಕನ್ನಡ ಮನೆಗಳಲ್ಲಿ ಒಂದು ಲೋಟಕ್ಕೆ ಎರಡು ಒತ್ತುವುದು ಬೇಗ ರೂಢಿಯಾಗುತ್ತದೆ. ಅಲ್ಲಿಗೆ ಅರವತ್ತರ ಕಾಫಿ ನೂರ ಹತ್ತಾಯಿತು.

ನೆಂಟರು ಬಂದರೆ? ಫಿಲ್ಟರಿನ ಡಿಕಾಕ್ಷನ್ ಹಿಗ್ಗುತ್ತದೆ. ಮೂವರಿಗೆಂದು ಇಳಿಸಿದ್ದು ಐವರಾದರೆ ಹಾಲು ಸ್ವಲ್ಪ ಮುಂದಾಗಿ, ಎರಡನೇ ಸಲದ ನೀರು ಹುಯ್ದು, ಮನೆಯಾಕೆ ತನ್ನ ಲೋಟವನ್ನು ಅರ್ಧ ಮಾಡಿಕೊಂಡು ಸರಿದೂಗಿಸುತ್ತಾಳೆ. ಆ ಅರ್ಧ ಲೋಟದಲ್ಲಿ ಅನ್ಯಾಯವೂ ಇದೆ ಅನ್ನಿ; ಐದು ಕ್ಯಾಪ್ಸೂಲ್ ಇದ್ದರೆ ಐದನೆಯದು ಅವಳಿಗೂ ಪೂರ್ತಿ ಸಿಗುತ್ತದೆ. ಬೆಂಗಳೂರಿನ ದರ್ಶಿನಿಗಳ ಬೈಟು ಕಾಫಿಯೂ ಇದೇ ಮರ್ಜಿಯದು. ಒಂದರ ದುಡ್ಡು ಕೊಟ್ಟು ಇಬ್ಬರು ಕುಡಿಯುವುದನ್ನು ಅಲ್ಲಿ ಯಾರೂ ಕೀಳಾಗಿ ನೋಡುವುದಿಲ್ಲ, ಕೌಂಟರಿನವನೇ ಎರಡು ಲೋಟಕ್ಕೆ ಹಂಚಿ ಕೊಡುತ್ತಾನೆ. ಪಾಡ್ ಯಂತ್ರದ ಮುಂದೆ ನಿಂತು ಬೈಟು ಕೇಳುವುದು ಹೇಗೆ?

ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಇದೆ. ಗೂಡಿನ ಸಂತೆಗೆ ಹತ್ತಿರದ ಊರು ವಿಜಯಪುರ. ಹುಳ ಹಣ್ಣಾದ ದಿನ ಮನೆಯವರಷ್ಟೇ ಸಾಲುವುದಿಲ್ಲ. ಅಕ್ಕಪಕ್ಕದವರು, ಕೂಲಿಯವರು ಸೇರಿ ಹುಳ ಆಯ್ದು, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ತಡವಾದರೆ ತಟ್ಟೆಯಲ್ಲೇ ನೂಲು ಬಿಡುತ್ತವೆ. ಆ ಹೊತ್ತಿಗೆ ಹತ್ತು ಹನ್ನೆರಡು ಜನಕ್ಕೆ ಕಾಫಿ ಆಗಬೇಕು. ಹಿಂದೆ ಬೆಲ್ಲದ ಕಾಫಿ: ದೊಡ್ಡ ಪಾತ್ರೆಯಲ್ಲಿ ನೀರು, ಬೆಲ್ಲ, ಪುಡಿ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಹಾಲು ಬೆರೆಸುತ್ತಿದ್ದರು. ಈಗ ಹತ್ತು ರೂಪಾಯಿಯ ಪೊಟ್ಟಣ ಎರಡು ಮೂರು ಕುದಿಯುವ ಹಾಲಿಗೆ ಬೀಳುತ್ತವೆ. “ಕಾಪಿ ಕುಡ್ಕೊಂಡ್ ಹೋಗಿ ಮಾವ” ಎಂಬ ಮಾತು ಬದಲಾಗಿಲ್ಲ, ಸೋಸುವ ಬಟ್ಟೆ ಹೋಯಿತು. ಫಿಲ್ಟರ್ ಕಾಫಿ ನಮ್ಮ ಪರಂಪರೆ ಎಂದು ಪಟ್ಟಣದವರು ಕಣ್ಣರಳಿಸಿ ಬರೆಯುವಾಗ ಹಳ್ಳಿಯ ಬಹಳಷ್ಟು ಅಡುಗೆಮನೆಗಳಲ್ಲಿ ಫಿಲ್ಟರ್ ಎಂಬ ಪಾತ್ರೆಯೇ ಇರಲಿಲ್ಲ ಎನ್ನುವುದನ್ನು ಮರೆಯುತ್ತಾರೆ. ಸೋಸಿದ ಕಾಫಿಯಿಂದ ನೇರವಾಗಿ ಸ್ಯಾಷೆಗೆ ಹಾರಿದ ಮನೆಗಳೇ ಹೆಚ್ಚು.

ಆ ಸ್ಯಾಷೆಯ ಹಾದಿಯೂ ದೊಡ್ಡದು. ಬ್ರೆಜಿಲಿನಲ್ಲಿ ಕಾಫಿ ಬೆಲೆ ಕುಸಿದು ಬೀಜ ಕೊಳೆಯುತ್ತಿದ್ದ ಕಾಲದಲ್ಲಿ ಅಲ್ಲಿಯವರು ನೆಸ್ಲೆಯನ್ನು ಕೇಳಿಕೊಂಡದ್ದರಿಂದ ಶುರುವಾದ ಸಂಶೋಧನೆ 1938ರಲ್ಲಿ ನೆಸ್ಕೆಫೆಯಾಗಿ ಮಾರುಕಟ್ಟೆಗೆ ಬಂತು. ಬ್ರೂಕ್ ಬಾಂಡ್‌ನ ಬ್ರೂ ಇನ್‌ಸ್ಟಂಟ್ 1960ರ ದಶಕದ ಕೊನೆಗೆ ಬಂತು. 1989ರಲ್ಲಿ ನೆಸ್ಲೆ ನಂಜನಗೂಡಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಇನ್‌ಸ್ಟಂಟ್ ಕಾಫಿ ನಮ್ಮ ರಾಜ್ಯದ್ದೇ ಸರಕಾಯಿತು. ಪೊಟ್ಟಣ ಕಟ್ಟುವ ಜಾಣತನ ಮಾತ್ರ ಶಾಂಪೂವಿನಿಂದ ಕಲಿತದ್ದು. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಎಂಬವರು, ಬಡವರೂ ಕೊಳ್ಳುವಂತಾಗಬೇಕು ಎಂದು ಸಣ್ಣ ಸಣ್ಣ ಪೊಟ್ಟಣದಲ್ಲಿ ಸರಕು ಕಟ್ಟಿದರು. ಅವರ ಮಕ್ಕಳು ಅದನ್ನು ದೇಶದ ತುಂಬ ಹಬ್ಬಿಸಿದರು. ಡಬ್ಬಿ ಕೊಳ್ಳಲು ಇನ್ನೂರು ಮುನ್ನೂರು ಒಮ್ಮೆಲೇ ಇಲ್ಲದವರಿಗೆ ಎರಡು ರೂಪಾಯಿಯ ಕಾಫಿ ದೊಡ್ಡ ಅನುಕೂಲ. ಬೀಜದ ಬೆಲೆ ಏರಿದಾಗ ಈ ಪೊಟ್ಟಣದ ಮೇಲಿನ ಎರಡು ರೂಪಾಯಿ ಎಂಬ ಅಚ್ಚು ಬದಲಾಗುವುದಿಲ್ಲ, ಒಳಗಿನ ಪುಡಿ ಸದ್ದಿಲ್ಲದೆ ಕರಗುತ್ತದೆ. ಹಿಂಬದಿಯ ಸಣ್ಣಕ್ಷರದ ತೂಕವನ್ನು ವರ್ಷಕ್ಕೊಮ್ಮೆಯಾದರೂ ಓದುವುದು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ಇನ್‌ಸ್ಟಂಟ್ ಕಾಫಿಯ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಎರಡು ರೂಪಾಯಿಯ ಪೊಟ್ಟಣದಲ್ಲಿ ಇಳಿಕೆ ಕಾಣಬೇಕಾದರೆ ಅದೂ ತೂಕದಲ್ಲೇ ಕಾಣಬೇಕು.

ಪಾಡ್ ಯಂತ್ರ ಈ ಹೋಬಳಿಗೆ ಬಂದರೆ ಅದರ ದೊಡ್ಡ ಶತ್ರು ಬಡತನ ಅಲ್ಲ, ನೀರು. ಬೆಂಗಳೂರು ಗ್ರಾಮಾಂತರದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟುವುದು ಮಾಮೂಲು. ಅಷ್ಟು ಆಳದಿಂದ ಬಂದ ನೀರು ಗಡಸು. ಬಿಸಿ ಮಾಡಿದ ಪಾತ್ರೆಯ ತಳದಲ್ಲಿ ಸುಣ್ಣದ ಹಕ್ಕಳೆ ಕಟ್ಟುವುದನ್ನು ಇಲ್ಲಿಯ ಎಲ್ಲ ಮನೆಯವರೂ ಬಲ್ಲರು. ಪಾತ್ರೆಯಾದರೆ ಹುಣಸೆಹುಳಿ ಹಾಕಿ ಉಜ್ಜಬಹುದು. ಯಂತ್ರದೊಳಗೆ ನೀರು ಕಾಯುವುದು ಬೆರಳು ಹೋಗದ ಸಣ್ಣ ಕೊಳವೆಯಲ್ಲಿ. ಅಲ್ಲಿ ಸುಣ್ಣ ಕಟ್ಟಿಕೊಂಡರೆ ಮೊದಲು ಕಾಫಿ ಬಿಸಿಯಾಗುವುದಿಲ್ಲ, ಆಮೇಲೆ ಹನಿಹನಿಯಾಗಿ ಇಳಿಯುತ್ತದೆ, ಕೊನೆಗೆ ಪಂಪು ಗೊರಗೊರ ಎಂದು ಕೂರುತ್ತದೆ. ಸುಣ್ಣ ಕರಗಿಸುವ ದ್ರವವನ್ನು ಆಗಾಗ ಓಡಿಸಬೇಕು ಎಂದು ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತಾರೆ. ಆ ದ್ರವಕ್ಕೂ ದುಡ್ಡು. ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತಂದು ಹಾಕುವವರಿಗೆ ಈ ಕಾಟ ಕಡಿಮೆ. ಜೊತೆಗೆ ಕರೆಂಟು. ಯಂತ್ರಕ್ಕೆ ಸಾವಿರದ ಇನ್ನೂರು ವಾಟ್‌ಗಿಂತ ಮೇಲೆ ಬೇಕು, ಮನೆಯ ಸಣ್ಣ ಯುಪಿಎಸ್ ಎಳೆಯುವುದಿಲ್ಲ. ಕರೆಂಟು ಹೋದ ಬೆಳಗ್ಗೆ ಐವತ್ತು ರೂಪಾಯಿಯ ಬಟ್ಟಲು ಕೈಯಲ್ಲಿ ಹಿಡಿದು ಕೂರಬೇಕಷ್ಟೆ.

ಕಸದ ಮಾತು ಬಂದಾಗ ಎಲ್ಲರೂ ಪಾಡ್ ಕಡೆ ಬೆರಳು ತೋರುತ್ತಾರೆ. ಜರ್ಮನಿಯ ಹ್ಯಾಂಬರ್ಗ್ ನಗರ 2016ರಲ್ಲಿ ತನ್ನ ಸರ್ಕಾರಿ ಕಚೇರಿಗಳಿಗೆ ಸಾರ್ವಜನಿಕ ಹಣದಲ್ಲಿ ಇವನ್ನು ಕೊಳ್ಳಬಾರದೆಂದು ನಿಯಮ ಮಾಡಿತು. ಆದರೆ ಕೆನಡಾದ ಕ್ವಿಬೆಕ್‌ನ ಶಿಕೂಟಿಮಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಹೇಳಿದ್ದು ಸ್ವಲ್ಪ ಮುಜುಗರದ್ದು. ಕಾಫಿಯಿಂದ ವಾತಾವರಣಕ್ಕಾಗುವ ಹೊರೆಯಲ್ಲಿ ದೊಡ್ಡ ಪಾಲು ಬೀಜ ಬೆಳೆಯುವುದರಲ್ಲೇ ಇದೆ. ಪಾಡ್ ಅಳೆದು ಹಾಕುವುದರಿಂದ ಪುಡಿ, ನೀರು ಎರಡೂ ವ್ಯರ್ಥವಾಗುವುದಿಲ್ಲ. ಅಂದಾಜಿನ ಮೇಲೆ ಧಾರಾಳವಾಗಿ ಪುಡಿ ಸುರಿದು ಮಿಕ್ಕಿದ್ದನ್ನು ಚೆಲ್ಲುವ ಮನೆಯ ಸೋಸು ಕಾಫಿಗಿಂತ ಅದು ಹಗುರವಾಗಬಹುದು ಎಂದರು. ಅವರು ಅಳೆದದ್ದು ಅಲ್ಲಿಯ ಕಾಫಿಯನ್ನು, ನಮ್ಮ ಫಿಲ್ಟರನ್ನಲ್ಲ. ನಾವು ಡಿಕಾಕ್ಷನ್ ಚೆಲ್ಲುವ ಪೈಕಿಯೂ ಅಲ್ಲ, ಚರಟಕ್ಕೆ ಎರಡನೇ ನೀರು ಹುಯ್ಯುವವರು. ಇನ್ನು ಅಲ್ಯೂಮಿನಿಯಂ ಮರುಬಳಕೆಗೆ ಬರುವ ಲೋಹ, ಗುಜರಿಯವನಿಗೆ ಬೆಲೆಯೂ ಗೊತ್ತು; ಆದರೆ ಒಳಗಿನ ಒದ್ದೆ ಚರಟ ಬಿಡಿಸಿ ಬಟ್ಟಲು ಬೇರೆ ಮಾಡಿ ಕೊಡುವವರು ಯಾರು? ಅಷ್ಟಾಗಿಯೂ ಚನ್ನರಾಯಪಟ್ಟಣದ ಚರಂಡಿಯಲ್ಲಿ ಹೂತಿರುವುದು ಪಾಡ್ ಅಲ್ಲ, ಸ್ಯಾಷೆ. ಪದರ ಪದರವಾಗಿ ಅಂಟಿಸಿದ ಆ ಹಾಳೆಯನ್ನು ಗುಜರಿಯವನೂ ಮುಟ್ಟುವುದಿಲ್ಲ.

ಹಾಗಾದರೆ ಪಾಡ್ ಯಾರಿಗೆ? ಒಬ್ಬರೇ ಇರುವವರಿಗೆ, ಹಾಲಿಲ್ಲದ ಕಾಫಿ ಕುಡಿಯುವವರಿಗೆ, ಹೊತ್ತಿಲ್ಲದ ಹೊತ್ತಿನಲ್ಲಿ ಮನೆಗೆ ಬರುವವರಿಗೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಂಥವರು ಈ ತಾಲ್ಲೂಕಿನಲ್ಲಿ ಸಾಕಷ್ಟಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬಾಗಿಲು ತೆಗೆಯುವ ಹುಡುಗಿಗೆ ಒಬ್ಬಳಿಗಾಗಿ ಫಿಲ್ಟರ್ ಹಾಕು ಎಂದು ಉಪದೇಶ ಮಾಡುವುದು ಸುಲಭ. ಮಾಡುವವರು ಹೆಚ್ಚಾಗಿ ತಾವೇ ಕಾಫಿ ಮಾಡಿಕೊಳ್ಳದ ಗಂಡಸರು. ಆ ಹುಡುಗಿಯಂಥವರಿಗೆ ಮಧ್ಯದ ದಾರಿಯೂ ಇದೆ. ದೋಸೆಹಿಟ್ಟಿನಿಂದ ಹೆಸರಾದ ಬೆಂಗಳೂರಿನ ಐಡಿ ಕಂಪನಿ ಇಳಿಸಿದ ಡಿಕಾಕ್ಷನ್ನನ್ನೇ ಪೊಟ್ಟಣಕ್ಕೆ ತುಂಬಿ ಮಾರುತ್ತದೆ, ಬೇರೆಯವರೂ ಮಾಡುತ್ತಾರೆ. ಬಿಸಿಹಾಲಿಗೆ ಹಿಂಡಿದರೆ ಆಯಿತು. ಯಂತ್ರ ಬೇಡ, ಕರೆಂಟು ಬೇಡ, ಚಿಕೋರಿಯ ರುಚಿಯೂ ಇರುತ್ತದೆ. ಇದು ನಮ್ಮ ಕಾಫಿಯನ್ನು ಕುಡಿದು ಬಲ್ಲವರು ಯೋಚಿಸಿ ಮಾಡಿದ ಒಂಟಿ ಲೋಟದ ಸರಕು ಎಂದು ನನಗೆ ಅನ್ನಿಸುತ್ತದೆ. ಅವರು ಹಾಲನ್ನು ಮರೆತಿಲ್ಲ.

ದೇವನಹಳ್ಳಿಯ ಅಪಾರ್ಟ್‌ಮೆಂಟುಗಳು ಇನ್ನಷ್ಟು ಪೂರ್ವಕ್ಕೆ ಸರಿಯುತ್ತವೆಯೋ ಇಲ್ಲವೋ ಎಂಬುದು ಇಲ್ಲಿ ಬರೀ ಕಾಫಿಯ ಪ್ರಶ್ನೆಯಲ್ಲ. ವಿಮಾನ ಬಿಡಿಭಾಗಗಳ ಉದ್ಯಮಕ್ಕೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಹೊರಟಾಗ, ಅದನ್ನು ಕೈಬಿಡುವಂತೆ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಹಿಪ್ಪುನೇರಳೆ, ದ್ರಾಕ್ಷಿ, ರಾಗಿ, ಹಸು ಸದ್ಯಕ್ಕೆ ಅಲ್ಲೇ ಇವೆ. ಹಾಲು ಡೇರಿಗೆ ಹೋಗುತ್ತದೆ, ಅಲ್ಲಿಂದ ಪ್ಯಾಕೆಟ್ಟಾಗಿ ಆ ಅಪಾರ್ಟ್‌ಮೆಂಟುಗಳ ಬಾಗಿಲಿಗೂ ಹೋಗುತ್ತದೆ.

ಯಂತ್ರವನ್ನು ಆಗಲೇ ಕೊಂಡು, ಕ್ಯಾಪ್ಸೂಲಿನ ಬಿಲ್ಲು ನೋಡಿ ಬೆವರುತ್ತಿರುವವರಿಗೊಂದು ಸಮಾಧಾನ: ತುಂಬಿ ತುಂಬಿ ಬಳಸುವ ಸ್ಟೀಲಿನ ಕ್ಯಾಪ್ಸೂಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಪುಡಿಯ ಅಂಗಡಿಯವನಿಗೆ ಫಿಲ್ಟರಿಗಿಂತ ಒಂದು ಸುತ್ತು ಸಣ್ಣಗೆ ಬೀಸಿಕೊಡಲು ಹೇಳಬೇಕು. ಚಿಕೋರಿ ಬೇಡ, ಅದು ನೀರು ಕುಡಿದು ಅಂಟಾಗಿ ತೂತು ಮುಚ್ಚುತ್ತದೆ. ಪ್ರತಿ ಸಲವೂ ಅಳೆದು ತುಂಬಿ, ಅದುಮಿ, ಅಂಚು ಒರೆಸಿ ಮುಚ್ಚಬೇಕು; ಕುಡಿದಾದ ಮೇಲೆ ಆರುವವರೆಗೆ ಬಿಟ್ಟು, ಚರಟ ತಟ್ಟಿ ತೆಗೆದು, ತೊಳೆದು, ಒಣಗಿಸಬೇಕು. ಕಾಫಿಯ ಖರ್ಚು ಐವತ್ತರಿಂದ ಐದು ರೂಪಾಯಿಗೆ ಇಳಿಯುತ್ತದೆ, ಮತ್ತು ಫಿಲ್ಟರಿಗಿಂತ ಎರಡು ಕೆಲಸ ಜಾಸ್ತಿ ಆಗುತ್ತದೆ.